ಮಳೆಯ ಲೆಕ್ಕ ಬರೆದಿಟ್ಟ ಮಹನೀಯ: ಸರ್ ಎಂ. ವಿಶ್ವೇಶ್ವರಯ್ಯ

ನಮ್ಮ ಕೋಲಾರ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಾಲಾರ್, ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಇವೆಲ್ಲ ನಂದಿ ಬೆಟ್ಟದ ಸುತ್ತಮುತ್ತಲಿನ ಪ್ರದೇಶದಲ್ಲೇ ಹುಟ್ಟುತ್ತವೆ. ಆದರೆ ಹುಟ್ಟಿದ ಊರಿನಲ್ಲಿ ಅವು ನಿಲ್ಲುವುದಿಲ್ಲ. ಮಳೆ ಬಂದಾಗ ನಾಲ್ಕು ದಿನ ಹರಿದು ಹೋಗುತ್ತವೆ, ಉಳಿದ ದಿನ ಮರಳು ಮಾತ್ರ ಕಾಣುತ್ತದೆ. ಆದುದರಿಂದಲೇ ನಮ್ಮ ಹಿರಿಯರು ಊರಿಗೊಂದು ಕೆರೆ ಕಟ್ಟಿ ಬಾಳಿದರು. ಇಂದು ಕೋರಮಂಡಲ್, ಚಾಂಪಿಯನ್ ರೀಫ್, ಮಾರಿಕುಪ್ಪಂ, ಬಂಗಾರಪೇಟೆ ಎಲ್ಲಿಯೇ ಹೋದರೂ ಬೇಸಿಗೆ ಬಂತೆಂದರೆ ಬಿಂದಿಗೆಗಳ ಸಾಲು, ಟ್ಯಾಂಕರಿಗಾಗಿ ಕಾಯುವ ತಾಯಂದಿರು ಕಣ್ಣಿಗೆ ಬೀಳುತ್ತಾರೆ.

ಒಂದು ಊರಿಗೆ ಎಷ್ಟು ನೀರು ಬೇಕು, ಆ ಊರಿನ ಸುತ್ತ ಬೀಳುವ ಮಳೆಯಿಂದ ಎಷ್ಟು ನೀರು ಸಿಗುತ್ತದೆ, ಮಳೆ ಕೈಕೊಟ್ಟ ವರ್ಷ ಏನು ಗತಿ? ಈ ಮೂರು ಪ್ರಶ್ನೆಗಳನ್ನು ಮೊದಲು ಕೇಳಿ, ಅಂಕಿಅಂಶಗಳನ್ನು ಕೂಡಿಸಿ, ಆಮೇಲೆ ಕಲ್ಲು ಗಾರೆಗೆ ಕೈ ಹಾಕಿದ ಮಹನೀಯರೊಬ್ಬರು ನಮ್ಮ ಜಿಲ್ಲೆಯಲ್ಲೇ ಹುಟ್ಟಿದ್ದರು. ಅವರೇ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಅವರ ಹೆಸರು ಕೇಳದ ವಿದ್ಯಾರ್ಥಿ ಇಲ್ಲ. ಆದರೆ ಅವರ ಅಣೆಕಟ್ಟುಗಳನ್ನು ಹೊಗಳುವ ನಾವು ಅವುಗಳ ಹಿಂದೆ ಇದ್ದ ಲೆಕ್ಕದ ಪುಸ್ತಕವನ್ನು ಮರೆತಿದ್ದೇವೆ. ಆ ದೃಷ್ಟಿಯಿಂದ ಅವರ ಜೀವನವನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ.

ಬಾಲ್ಯ ಮತ್ತು ವಿದ್ಯಾಭ್ಯಾಸ

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ಆಗ ಅದು ಕೋಲಾರ ಜಿಲ್ಲೆಗೆ ಸೇರಿತ್ತು. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಯಿತು. ಜನ್ಮದಿನ ಸೆಪ್ಟೆಂಬರ್ 15. ಹುಟ್ಟಿದ ವರ್ಷವನ್ನು ಕೆಲವು ಪುಸ್ತಕಗಳು 1860 ಎಂದೂ ಕೆಲವು 1861 ಎಂದೂ ಬರೆಯುತ್ತವೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. ಮನೆಯಲ್ಲಿ ವಿದ್ಯೆ ಇತ್ತು, ಹಣ ಇರಲಿಲ್ಲ. ಹುಡುಗ ಇನ್ನೂ ಶಾಲೆಯಲ್ಲಿದ್ದಾಗಲೇ ತಂದೆ ತೀರಿಕೊಂಡರು.

ಚಿಕ್ಕಬಳ್ಳಾಪುರದ ಶಾಲೆ ಮುಗಿಸಿ, ಸೋದರಮಾವನ ಆಸರೆಯಲ್ಲಿ ಬೆಂಗಳೂರಿಗೆ ಬಂದರು. ಮಕ್ಕಳಿಗೆ ಮನೆಪಾಠ ಹೇಳಿ ತಮ್ಮ ಖರ್ಚನ್ನು ತಾವೇ ನೋಡಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮಾಡಿದರು. ಮುಂದೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತು ಪುಣೆಯ ವಿಜ್ಞಾನ ಕಾಲೇಜಿಗೆ ಸೇರಿ, 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಮರುವರ್ಷವೇ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆದರು. ಒಂದು ವಿದ್ಯಾರ್ಥಿವೇತನ ಒಬ್ಬ ಬಡ ಹುಡುಗನನ್ನು ಎಲ್ಲಿಗೆ ಕೊಂಡೊಯ್ಯಬಲ್ಲದು ಎಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ಬೇಕಿಲ್ಲ. ವಿದ್ಯಾರ್ಥಿವೇತನ ನೀಡುವ ಸಂಸ್ಥೆಗಳ ಸದಸ್ಯರೆಲ್ಲರೂ ಇದನ್ನು ನೆನಪಿಡಬೇಕು.

ಸಕ್ಕರ್, ಪುಣೆ, ಏಡನ್

1890ರ ದಶಕದ ಮಧ್ಯದಲ್ಲಿ ಅವರನ್ನು ಸಿಂಧ್ ಪ್ರಾಂತ್ಯದ ಸಕ್ಕರ್ ಪಟ್ಟಣಕ್ಕೆ ಕಳುಹಿಸಲಾಯಿತು. ಇಂದು ಅದು ಪಾಕಿಸ್ತಾನದಲ್ಲಿದೆ. ಸಿಂಧೂ ನದಿಯ ದಡದಲ್ಲೇ ಇದ್ದರೂ ಊರಿಗೆ ಶುದ್ಧ ನೀರಿರಲಿಲ್ಲ. ನದಿಯ ನೀರು ಕೆಸರು, ಅದನ್ನು ಸೋಸುವ ದೊಡ್ಡ ತೊಟ್ಟಿಗಳನ್ನು ಕಟ್ಟಿಸಲು ಪುರಸಭೆಯಲ್ಲಿ ಹಣವಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ಮರಳಿನ ಮೂಲಕ ಜಿನುಗಿ ಬಂದ ನೀರು ತಾನಾಗಿಯೇ ತಿಳಿಯಾಯಿತು. ಬಾವಿಯ ತಳದಿಂದ ನದಿಯ ಅಡಿಗೆ ಸುರಂಗ ತೆಗೆಸಿ ಇನ್ನಷ್ಟು ನೀರು ಬರುವಂತೆ ಮಾಡಿದರು. ಆ ನೀರನ್ನು ಗುಡ್ಡದ ಮೇಲಕ್ಕೆ ಹತ್ತಿಸಿ ಊರಿಗೆ ಹಂಚಲಾಯಿತು.

ಪುಣೆಯಲ್ಲಿ ಸಮಸ್ಯೆ ಬೇರೆಯಾಗಿತ್ತು. ಖಡಕ್‌ವಾಸ್ಲಾ ಜಲಾಶಯ ಮಳೆಗಾಲದಲ್ಲಿ ತುಂಬಿ ಕೋಡಿ ಹರಿಯುತ್ತಿತ್ತು, ಬೇಸಿಗೆಯಲ್ಲಿ ನೀರು ಸಾಲುತ್ತಿರಲಿಲ್ಲ. ಕಟ್ಟೆಯನ್ನು ಎತ್ತರಿಸಲು ಅಪಾರ ಖರ್ಚು. ಅವರು ಕೋಡಿಯ ಮೇಲೆ ತಾವಾಗಿಯೇ ತೆರೆದು ಮುಚ್ಚಿಕೊಳ್ಳುವ ಬಾಗಿಲುಗಳನ್ನು ರೂಪಿಸಿದರು. ನೀರು ನಿಗದಿತ ಮಟ್ಟ ಮೀರಿದರೆ ಬಾಗಿಲು ತೆರೆದು ಹೆಚ್ಚಿನ ಪ್ರವಾಹವನ್ನು ಬಿಡುತ್ತದೆ, ಇಳಿದರೆ ಮುಚ್ಚುತ್ತದೆ. ಇದರಿಂದ ಅದೇ ಕಟ್ಟೆಯಲ್ಲಿ 8 ಅಡಿ ಹೆಚ್ಚು ನೀರು ನಿಂತಿತು. ಪೋಲಾಗುವ ಮಳೆನೀರನ್ನು ಮೊದಲು ಅಳೆದದ್ದರಿಂದಲೇ ಈ ಉಪಾಯ ಸಾಧ್ಯವಾಯಿತು.

1906ರಲ್ಲಿ ಅವರು ಅರೇಬಿಯಾದ ದಕ್ಷಿಣ ತುದಿಯ ಏಡನ್ ಬಂದರಿಗೆ ಹೋದರು. ಅಲ್ಲಿ ಮಳೆ ಎಂಬುದು ಹೆಸರಿಗೆ ಮಾತ್ರ. ಸಮುದ್ರದ ನೀರನ್ನು ಕಾಯಿಸಿ ಭಟ್ಟಿ ಇಳಿಸಿ ಕುಡಿಯಬೇಕಾದ ಸ್ಥಿತಿ. ನಗರದಲ್ಲಿ ಮಳೆ ಇಲ್ಲವೆಂದು ಅವರು ಕೈಚೆಲ್ಲಲಿಲ್ಲ. ಉತ್ತರದ ಬೆಟ್ಟ ಸೀಮೆಯಲ್ಲಿ ಮಳೆ ಬೀಳುತ್ತದೆ, ಆ ನೀರು ಲಹೇಜ್ ಕಡೆ ಹರಿದು ಬಂದು ಮರಳಿನಲ್ಲಿ ಇಂಗುತ್ತದೆ ಎಂದು ಗುರುತಿಸಿ, ಒಣ ನದಿಯ ಪಾತ್ರದಲ್ಲಿ ಬಾವಿ ತೋಡಿ ನೀರು ತರಬಹುದೆಂದು ವರದಿ ಕೊಟ್ಟರು. ಊರಿನ ನೀರನ್ನು ಲೆಕ್ಕ ಹಾಕುವಾಗ ಊರಿನ ಮೇಲೆ ಬೀಳುವ ಮಳೆಯಷ್ಟೇ ಅಲ್ಲ, ಊರಿನ ಕಡೆಗೆ ಹರಿದು ಬರುವ ಇಡೀ ಜಲಾನಯನ ಪ್ರದೇಶದ ಮಳೆಯನ್ನು ನೋಡಬೇಕು ಎಂಬ ಪಾಠ ಇಲ್ಲಿದೆ.

ಹೈದರಾಬಾದಿನ ಪ್ರವಾಹ

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದ್ ನಗರವನ್ನು ನುಗ್ಗುನುರಿ ಮಾಡಿತು. ಸಾವಿರಾರು ಜನ ಪ್ರಾಣ ಕಳೆದುಕೊಂಡರು, ಮನೆಮಠ ಕೊಚ್ಚಿಹೋದವು. ಆಗ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಅವರ ಆಳ್ವಿಕೆ. ಮುಂಬಯಿ ಸರ್ಕಾರದ ಕೆಲಸ ಬಿಟ್ಟು ಯುರೋಪ್ ಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯನವರಿಗೆ ನಿಜಾಮರ ಸರ್ಕಾರದಿಂದ ಕರೆ ಹೋಯಿತು. 1909ರ ಏಪ್ರಿಲ್‌ನಲ್ಲಿ ಅವರು ಹೈದರಾಬಾದಿಗೆ ಬಂದರು.

ಬಂದವರು ಮೊದಲು ಮಾಡಿದ ಕೆಲಸವೆಂದರೆ ಮಳೆಯ ದಾಖಲೆ ಹುಡುಕಿದ್ದು. ಶಂಷಾಬಾದಿನ ಮಳೆಮಾಪಕದಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ, 48 ಗಂಟೆಗಳಲ್ಲಿ 18.9 ಅಂಗುಲ ಮಳೆ ದಾಖಲಾಗಿತ್ತು. ನಗರದ ಮೇಲ್ಭಾಗದ ಜಲಾನಯನ ಪ್ರದೇಶದಲ್ಲಿ 788 ಕೆರೆಗಳಿದ್ದವು, ಅವುಗಳಲ್ಲಿ 221 ಒಡೆದಿದ್ದವು. ಒಂದು ಕೆರೆ ಒಡೆದು ಕೆಳಗಿನದನ್ನು ಒಡೆಯಿತು, ಅದು ಮತ್ತೊಂದನ್ನು ಒಡೆಯಿತು. ನದಿಯಲ್ಲಿ ಹರಿದ ಪ್ರವಾಹ ಸೆಕೆಂಡಿಗೆ ಸುಮಾರು 4,25,000 ಘನ ಅಡಿ ಎಂದು ಅವರು ಅಂದಾಜು ಮಾಡಿದರು. ಅಷ್ಟಕ್ಕೇ ನಿಲ್ಲಿಸದೆ ಸುತ್ತಲಿನ ಪ್ರಾಂತ್ಯಗಳ ಮಳೆ ಅಂಕಿಗಳನ್ನೂ ತರಿಸಿ ಹೋಲಿಸಿದರು. ಇಂಥ ಮಳೆ ಒಂದು ಸಲ ಬಂದದ್ದು ಮತ್ತೊಮ್ಮೆ ಬಂದೇ ಬರುತ್ತದೆ, ಅದಕ್ಕೆ ಸಿದ್ಧರಾಗಿರಬೇಕು ಎಂಬುದು ಅವರ ತೀರ್ಮಾನದ ಸಾರ.

ನಗರದೊಳಗೆ ಗೋಡೆ ಕಟ್ಟಿದರೆ ಸಾಲದು, ನಗರಕ್ಕಿಂತ ಮೇಲೆಯೇ ಪ್ರವಾಹವನ್ನು ಹಿಡಿದು ನಿಲ್ಲಿಸಬೇಕು ಎಂದು ಅವರು ಎರಡು ಜಲಾಶಯಗಳನ್ನು ಸೂಚಿಸಿದರು. ಒಂದು ಮೂಸಿ ನದಿಗೆ, ಇನ್ನೊಂದು ಅದರ ಉಪನದಿ ಈಸಿಗೆ. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಅವರ ಕಾಲದಲ್ಲಿ ಇವು ಪೂರ್ಣಗೊಂಡವು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ. ನಗರವನ್ನು ಮುಳುಗಿಸಿದ ಅದೇ ನೀರು ನಗರದ ದಾಹ ತಣಿಸುವ ನೀರಾಯಿತು. ಹಲವು ದಶಕಗಳ ಕಾಲ ಹೈದರಾಬಾದಿನ ನಲ್ಲಿಗಳಿಗೆ ಈ ಎರಡು ಜಲಾಶಯಗಳೇ ಆಧಾರವಾಗಿದ್ದವು. ಅದೇ ಸಂಸ್ಥಾನದಲ್ಲಿ ನವಾಬ್ ಅಲಿ ನವಾಜ್ ಜಂಗ್ ಬಹದ್ದೂರ್ ಎಂಬ ಮತ್ತೊಬ್ಬ ಮಹಾನ್ ಎಂಜಿನಿಯರ್ ಮುಂದೆ ನಿಜಾಂ ಸಾಗರವನ್ನು ಕಟ್ಟಿಸಿದರು. ಅವರ ಹೆಸರನ್ನೂ ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು.

ಚಿನ್ನದ ಗಣಿ ಮತ್ತು ಕನ್ನಂಬಾಡಿ

1909ರ ನವೆಂಬರ್‌ನಲ್ಲಿ ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆದರು. ಇಲ್ಲಿಂದ ಮುಂದಿನ ಕಥೆ ನೇರವಾಗಿ ನಮ್ಮ ಕೆ.ಜಿ.ಎಫ್.ಗೆ ಸಂಬಂಧಿಸಿದ್ದು.

1902ರಲ್ಲಿ ಶಿವನಸಮುದ್ರದ ವಿದ್ಯುತ್ ಸುಮಾರು 147 ಕಿಲೋಮೀಟರ್ ದೂರದ ತಂತಿಯ ಮೂಲಕ ನಮ್ಮ ಗಣಿಗಳಿಗೆ ಬಂದಿತ್ತು. ಗಣಿಯ ಯಂತ್ರ, ಗಾಳಿ, ನೀರೆತ್ತುವ ಪಂಪು ಎಲ್ಲವೂ ಅದನ್ನು ನೆಚ್ಚಿಕೊಂಡವು. ಆದರೆ ವಿದ್ಯುತ್ ಹುಟ್ಟುವುದು ಕಾವೇರಿಯ ನೀರಿನಿಂದ. ಮಳೆಗಾಲದಲ್ಲಿ ಭೋರ್ಗರೆಯುವ ಕಾವೇರಿ ಬೇಸಿಗೆಯಲ್ಲಿ ಸೆಕೆಂಡಿಗೆ ಸುಮಾರು 100 ಘನ ಅಡಿಗೆ ಇಳಿದುಬಿಡುತ್ತಿತ್ತು. ವರ್ಷದ ಒಟ್ಟು ನೀರನ್ನು ಕೂಡಿದರೆ ಕಾವೇರಿಯಲ್ಲಿ ಕೊರತೆ ಇಲ್ಲ. ಆದರೆ ಗಣಿಗೆ ವಿದ್ಯುತ್ ಏಪ್ರಿಲ್‌ನಲ್ಲಿಯೂ ಬೇಕು. ಸರಾಸರಿ ನೋಡಿ ಸಂತೋಷಪಡುವವನು ಬೇಸಿಗೆಯಲ್ಲಿ ಕತ್ತಲಲ್ಲಿ ಕೂರಬೇಕಾಗುತ್ತದೆ. ಮಳೆಗಾಲದ ನೀರನ್ನು ಕೂಡಿಟ್ಟು ಬೇಸಿಗೆಯಲ್ಲಿ ಬಿಡಲು ಒಂದು ದೊಡ್ಡ ಜಲಾಶಯ ಬೇಕೇ ಬೇಕು ಎಂದು ಅವರು ಲೆಕ್ಕ ಸಹಿತ ತೋರಿಸಿದರು. ಮಂಡ್ಯದ ಹೊಲಗಳಿಗೆ ನೀರು, ಕೋಲಾರದ ಗಣಿಗಳಿಗೆ ನಿರಂತರ ವಿದ್ಯುತ್ ಇವೆರಡೂ ಕನ್ನಂಬಾಡಿ ಯೋಜನೆಯ ಉದ್ದೇಶಗಳಾದವು.

ಖರ್ಚು ಹೆಚ್ಚೆಂದು ಸಂಸ್ಥಾನದೊಳಗೇ ಅನುಮಾನವಿತ್ತು. ನದಿಯ ಕೆಳಭಾಗದ ಮದರಾಸು ಸರ್ಕಾರದ ಆಕ್ಷೇಪಣೆಯೂ ಇತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿಗೆ ನೀಡಿದ ಮೇಲೆ 1911ರಲ್ಲಿ ಕೆಲಸ ಆರಂಭವಾಯಿತು. ಅಣೆಕಟ್ಟು ಪೂರ್ಣವಾಗಲು 1930ರ ದಶಕದ ಆರಂಭದವರೆಗೆ ಕಾಯಬೇಕಾಯಿತು. ಕನ್ನಂಬಾಡಿ ಸೇರಿದಂತೆ ಹಲವು ಹಳ್ಳಿಗಳು ನೀರಿನಲ್ಲಿ ಮುಳುಗಿದವು. ಆ ಊರುಗಳ ಜನರ ತ್ಯಾಗವನ್ನೂ ಮರೆಯಬಾರದು. ಇಂದು ಕೃಷ್ಣರಾಜಸಾಗರದಲ್ಲಿ ಸುಮಾರು 49 ಟಿಎಂಸಿ ನೀರು ನಿಲ್ಲುತ್ತದೆ. ಅಣೆಕಟ್ಟಿನ ಪ್ರವೇಶದ ಬಳಿ ಟಿಪ್ಪು ಸುಲ್ತಾನರ ಕಾಲದ ಪರ್ಷಿಯನ್ ಶಿಲಾಶಾಸನವೊಂದಿದೆ. ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಬೇಕೆಂಬ ಬಯಕೆ ಅವರಿಗೂ ಇತ್ತೆಂಬುದಕ್ಕೆ ಅದು ಸಾಕ್ಷಿ. ಬಯಕೆ ಹಳೆಯದು. ಅದಕ್ಕೆ ಬೇಕಾದ ನೀರಿನ ಲೆಕ್ಕ ಮತ್ತು ಎಂಜಿನಿಯರಿಂಗ್ ಒದಗಿ ಬಂದದ್ದು ನೂರಕ್ಕೂ ಹೆಚ್ಚು ವರ್ಷಗಳ ನಂತರ.

ದಿವಾನರಾಗಿ

1912ರ ನವೆಂಬರ್‌ನಲ್ಲಿ ವಿಶ್ವೇಶ್ವರಯ್ಯನವರು ದಿವಾನರಾದರು. ಅವರ ಅವಧಿಯಲ್ಲಿ ಸಂಸ್ಥಾನದ ಶಾಲೆಗಳ ಸಂಖ್ಯೆ ಸುಮಾರು 4,500ರಿಂದ 10,500ಕ್ಕೆ ಏರಿತು. 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದವು. ಬಡತನಕ್ಕೆ ಮದ್ದು ವಿದ್ಯೆ ಮತ್ತು ಉದ್ಯಮ ಎಂಬುದು ಅವರ ನಂಬಿಕೆ.

ಹಿಂದುಳಿದ ವರ್ಗಗಳಿಗೆ ಸರ್ಕಾರಿ ನೌಕರಿಯಲ್ಲಿ ಮೀಸಲು ನೀಡುವ ವಿಷಯದಲ್ಲಿ ಮಹಾರಾಜರ ನಿಲುವೇ ಬೇರೆ, ದಿವಾನರ ನಿಲುವೇ ಬೇರೆಯಾಗಿತ್ತು. ಮಹಾರಾಜರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರು ಪದವಿ ಬಿಟ್ಟರು. ಈ ವಿಷಯದಲ್ಲಿ ಅವರ ಅಭಿಪ್ರಾಯವನ್ನು ಒಪ್ಪದವರು ಅಂದೂ ಇದ್ದರು, ಇಂದೂ ಇದ್ದಾರೆ. ಆ ಸಮಿತಿಯ ವರದಿಯಿಂದ ಪ್ರಯೋಜನ ಪಡೆದ ಸಮುದಾಯಗಳಲ್ಲಿ ಮುಸಲ್ಮಾನರೂ ಸೇರಿದ್ದಾರೆ. ಒಬ್ಬ ದೊಡ್ಡ ವ್ಯಕ್ತಿಯ ಎಲ್ಲ ಮಾತನ್ನೂ ಒಪ್ಪದೆ ಅವರ ಕೆಲಸದಿಂದ ಕಲಿಯುವುದು ಸಾಧ್ಯ.

ಬೆಂಗಳೂರಿನ ನೀರು ಮತ್ತು ಸರ್ ಮಿರ್ಜಾ

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1890ರ ದಶಕದಲ್ಲಿ, ಬೆಂಗಳೂರಿಗೆ ಅರ್ಕಾವತಿಯ ಹೆಸರಘಟ್ಟದಿಂದ ನೀರು ತರಲಾಗಿತ್ತು. ಮಳೆ ಸರಿಯಾಗಿ ಬಾರದ ವರ್ಷಗಳಲ್ಲಿ ಆ ಕೆರೆ ಬತ್ತಿತು, ಊರು ಬೆಳೆಯಿತು, ಬವಣೆ ಹೆಚ್ಚಿತು. ಆಗ ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ಸಮಿತಿ ಬೇರೆ ನೆಲೆಗಳನ್ನು ಪರಿಶೀಲಿಸಿತು. ಅರ್ಕಾವತಿ ಮತ್ತು ಕುಮುದ್ವತಿ ಸೇರುವ ತಿಪ್ಪಗೊಂಡನಹಳ್ಳಿ ಆಯ್ಕೆಯಾಯಿತು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತದಲ್ಲಿ, 1933ರಲ್ಲಿ, ಚಾಮರಾಜಸಾಗರ ಸಿದ್ಧವಾಯಿತು. ಹಿರಿಯ ಎಂಜಿನಿಯರರ ಲೆಕ್ಕ ಮತ್ತು ಕಿರಿಯ ಆಡಳಿತಗಾರರ ಕಾರ್ಯಶ್ರದ್ಧೆ ಒಂದಾದಾಗ ಒಂದು ನಗರಕ್ಕೆ ನೀರು ಬಂತು.

ಈ ಜಲಾಶಯದ ಮುಂದಿನ ಕಥೆ ನಮಗೆ ಎಚ್ಚರಿಕೆಯ ಗಂಟೆ. ಇಪ್ಪತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಇದಕ್ಕೆ ಹರಿದು ಬರುವ ನೀರು ಬಹಳ ಕಡಿಮೆಯಾಯಿತು. ಮಳೆ ಕಡಿಮೆಯಾದದ್ದು ಇದಕ್ಕೆ ಮುಖ್ಯ ಕಾರಣವಲ್ಲ. ಅತಿಯಾದ ಕೊಳವೆಬಾವಿ, ನೀಲಗಿರಿ ತೋಪು, ಬದಲಾದ ಭೂಬಳಕೆ ಇವೇ ಕಾರಣವೆಂದು ತಜ್ಞರ ಅಧ್ಯಯನಗಳು ತೋರಿಸಿವೆ. ಅಂದರೆ ಲೆಕ್ಕವನ್ನು ಒಮ್ಮೆ ಬರೆದು ಕಪಾಟಿನಲ್ಲಿಟ್ಟರೆ ಸಾಲದು. ನೆಲ ಬದಲಾದಂತೆ ಲೆಕ್ಕವನ್ನೂ ಮತ್ತೆ ಮತ್ತೆ ಮಾಡಬೇಕು.

ಕೊನೆಯ ದಿನಗಳು

ಪದವಿ ಬಿಟ್ಟ ಮೇಲೂ ವಿಶ್ವೇಶ್ವರಯ್ಯನವರು ವಿಶ್ರಾಂತಿ ಬಯಸಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಹಲವು ನಗರಗಳ ನೀರು ಮತ್ತು ಚರಂಡಿ ಯೋಜನೆಗಳು ಅವರ ಸಲಹೆ ಪಡೆದವು. 1951ರಲ್ಲಿ ತಮ್ಮ ವೃತ್ತಿಜೀವನದ ನೆನಪುಗಳನ್ನು ಪುಸ್ತಕವಾಗಿ ಪ್ರಕಟಿಸಿದರು. 1955ರಲ್ಲಿ ಭಾರತರತ್ನ ಪ್ರಶಸ್ತಿ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ವರ್ಷ ದಾಟಿದ ಮೇಲೆ, ಬೆಂಗಳೂರಿನಲ್ಲಿ ನಿಧನರಾದರು. ಹುಟ್ಟೂರು ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿ ಇದೆ. ಅವರ ಜನ್ಮದಿನವನ್ನು ದೇಶದಾದ್ಯಂತ ಎಂಜಿನಿಯರುಗಳ ದಿನವಾಗಿ ಆಚರಿಸಲಾಗುತ್ತದೆ.

ನಮ್ಮೂರಿನ ಲೆಕ್ಕ

ಪ್ರಿಯ ವಿದ್ಯಾರ್ಥಿಗಳೇ, ಈಗ ಅವರ ದಾರಿಯಲ್ಲೇ ನಮ್ಮೂರಿನ ಲೆಕ್ಕ ಮಾಡೋಣ. ಕೋಲಾರ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 700ರಿಂದ 750 ಮಿಲಿಮೀಟರ್ ಮಳೆ ಬೀಳುತ್ತದೆ. 700 ಎಂದೇ ಹಿಡಿಯೋಣ. ಒಂದು ಚದರ ಕಿಲೋಮೀಟರ್ ನೆಲದ ಮೇಲೆ ಇಷ್ಟು ಮಳೆ ಬಿದ್ದರೆ 70 ಕೋಟಿ ಲೀಟರ್ ಆಗುತ್ತದೆ. ಕೇಳಲು ಬಹಳ ದೊಡ್ಡದು. ಆದರೆ ಬಹುಪಾಲು ಮಣ್ಣಿಗೆ ಇಂಗುತ್ತದೆ, ಗಿಡಮರ ಹೀರುತ್ತವೆ, ಬಿಸಿಲಿಗೆ ಆವಿಯಾಗುತ್ತದೆ. ಹತ್ತರಲ್ಲಿ ಒಂದು ಪಾಲು ಕೆರೆಗೆ ಬಂತೆಂದುಕೊಂಡರೆ 7 ಕೋಟಿ ಲೀಟರ್.

2011ರ ಜನಗಣತಿಯಂತೆ ಕೆ.ಜಿ.ಎಫ್. ನಗರದಲ್ಲಿ ಸುಮಾರು 1,63,000 ಜನ. ಒಬ್ಬರಿಗೆ ದಿನಕ್ಕೆ 100 ಲೀಟರ್ ಎಂದರೆ ದಿನಕ್ಕೆ 1 ಕೋಟಿ 63 ಲಕ್ಷ ಲೀಟರ್. ಒಂದು ಚದರ ಕಿಲೋಮೀಟರಿನ ಕೆರೆಯ ನೀರು ನಾಲ್ಕು ದಿನಕ್ಕೆ ಮುಗಿಯುತ್ತದೆ. ವರ್ಷಪೂರ್ತಿ ಸಾಕಾಗಲು ಸುಮಾರು 85 ಚದರ ಕಿಲೋಮೀಟರ್ ಜಲಾನಯನ ಪ್ರದೇಶ ಬೇಕು. ಅದೂ ಸರಾಸರಿ ಮಳೆಯ ವರ್ಷದಲ್ಲಿ. ನಮ್ಮ ಸೀಮೆಯಲ್ಲಿ ತೆರೆದ ಕೆರೆಯಿಂದ ವರ್ಷಕ್ಕೆ ಆವಿಯಾಗುವ ನೀರು ಬೀಳುವ ಮಳೆಗಿಂತ ಹೆಚ್ಚು. ಬರದ ವರ್ಷದಲ್ಲಿ ಮಳೆ ಅರ್ಧಕ್ಕೆ ಇಳಿದರೆ ಕೆರೆಗೆ ಬರುವ ನೀರು ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ, ಏಕೆಂದರೆ ಒಣಗಿದ ಮಣ್ಣು ಮೊದಲು ತನ್ನ ಪಾಲನ್ನು ತೆಗೆದುಕೊಳ್ಳುತ್ತದೆ.

ಗಣಿಗಳ ವೈಭವದ ಕಾಲದಲ್ಲಿ ಬೇತಮಂಗಲದ ಪಾಲಾರ್ ಕೆರೆಯ ನೀರನ್ನು ಶುದ್ಧಿಗೊಳಿಸಿ ಕೆ.ಜಿ.ಎಫ್.ಗೆ ತರಲಾಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕೆಲಸ ಹೋಯಿತು, ಆದರೆ ಜನ ಇದ್ದಾರೆ, ಬಾಯಾರಿಕೆಯೂ ಇದೆ. 2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಅದು ಅಂತರ್ಜಲ ಹೆಚ್ಚಿಸಲು, ನೇರವಾಗಿ ಕುಡಿಯಲು ಅಲ್ಲ. ಬಂಗಾರಪೇಟೆ ತಾಲ್ಲೂಕಿನ ಯರಗೋಳ್ ಬಳಿ ಮಾರ್ಕಂಡೇಯ ನದಿಗೆ ಕಟ್ಟಿದ ಅಣೆಕಟ್ಟನ್ನು 2023ರ ನವೆಂಬರ್‌ನಲ್ಲಿ ಉದ್ಘಾಟಿಸಲಾಯಿತು. ಬಂಗಾರಪೇಟೆ, ಕೋಲಾರ, ಮಾಲೂರು ಪಟ್ಟಣಗಳಿಗೆ ಅದರಿಂದ ನೀರು. ಅದರಲ್ಲಿ ನಿಲ್ಲುವುದು ಸುಮಾರು ಅರ್ಧ ಟಿಎಂಸಿ. ಅದು ತುಂಬುವುದು ಬಿಡುವುದು ಮಾರ್ಕಂಡೇಯದ ಮೇಲ್ಭಾಗದಲ್ಲಿ ಬೀಳುವ ಮಳೆಯನ್ನೇ ಅವಲಂಬಿಸಿದೆ.

ಮನೆಯ ಮಟ್ಟದಲ್ಲೂ ಲೆಕ್ಕ ಸಾಧ್ಯ. 100 ಚದರ ಮೀಟರ್ ತಾರಸಿಯ ಮೇಲೆ ವರ್ಷಕ್ಕೆ 70,000 ಲೀಟರ್ ಮಳೆ ಬೀಳುತ್ತದೆ. ಐದರಲ್ಲಿ ಒಂದು ಪಾಲು ನಷ್ಟವಾದರೂ 56,000 ಲೀಟರ್ ಉಳಿಯುತ್ತದೆ. ದಿನಕ್ಕೆ 500 ಲೀಟರ್ ಬಳಸುವ ಐದು ಜನರ ಕುಟುಂಬಕ್ಕೆ ಇದು 112 ದಿನದ ನೀರು. ಶಾಲೆ, ಮದರಸಾ, ಹಾಸ್ಟೆಲ್‌ಗಳ ತಾರಸಿ ಇನ್ನೂ ದೊಡ್ಡದು.

ವಿದ್ಯಾರ್ಥಿಗಳು ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ಪ್ರತಿ ಶಾಲೆಯಲ್ಲಿ ಒಂದು ಮಳೆಮಾಪಕ ಇಡಬೇಕು. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಅದನ್ನು ನೋಡಿ ಒಂದು ಪುಸ್ತಕದಲ್ಲಿ ಬರೆಯಬೇಕು. ಮಳೆ ಬಾರದ ದಿನ ಸೊನ್ನೆ ಬರೆಯಬೇಕು, ಏಕೆಂದರೆ ಸೊನ್ನೆಯೂ ಒಂದು ಅಂಕಿಯೇ. ಒಂದು ತರಗತಿ ಹೋದ ಮೇಲೆ ಮುಂದಿನ ತರಗತಿ ಆ ಪುಸ್ತಕವನ್ನು ಮುಂದುವರಿಸಬೇಕು. ಹತ್ತು ಇಪ್ಪತ್ತು ವರ್ಷ ಕಳೆದರೆ ಅದು ಊರಿನ ಆಸ್ತಿಯಾಗುತ್ತದೆ. ನೀರಿನ ಬಗ್ಗೆ ಅಧಿಕಾರಿಗಳ ಮುಂದೆ ಅರ್ಜಿ ಹಿಡಿದು ನಿಲ್ಲುವಾಗ ಕೈಯಲ್ಲಿ ಅಂಕಿ ಇದ್ದವನ ಮಾತಿಗೆ ತೂಕ ಹೆಚ್ಚು. ಶಂಷಾಬಾದಿನಲ್ಲಿ ಯಾರೋ ಹೆಸರರಿಯದ ನೌಕರನೊಬ್ಬ 1908ರ ಆ ಭೀಕರ ಮಳೆಯಲ್ಲೂ ಮಳೆಮಾಪಕ ನೋಡಿ ಅಂಕಿ ಬರೆದಿಟ್ಟಿದ್ದರಿಂದಲೇ ವಿಶ್ವೇಶ್ವರಯ್ಯನವರು ಒಂದು ಮಹಾನಗರಕ್ಕೆ ಎರಡು ಜಲಾಶಯಗಳನ್ನು ಸೂಚಿಸಲು ಸಾಧ್ಯವಾಯಿತು. ನಮ್ಮ ಮಕ್ಕಳು ಎಲ್ಲರೂ ವಿಶ್ವೇಶ್ವರಯ್ಯ ಆಗದಿದ್ದರೂ ಆ ನೌಕರನಂತೆ ಶ್ರದ್ಧೆಯಿಂದ ತಮ್ಮ ಪಾಲಿನ ಅಂಕಿಯನ್ನು ಬರೆದಿಡಲಿ ಎಂದು ಹಾರೈಸುತ್ತೇನೆ.